ನಮ್ಮ ಸಿನಿಮಾದಲ್ಲಿ ಕೆಮ್ಮಿದ ಮಹನೀಯರಿಗೆ

ಮಾನ್ಯರೇ,

ಬಿಡುಗಡೆಯ ದಿನ ಮೊದಲ ಆಟಕ್ಕೇ ಬಂದು, ಎರಡು ಗಂಟೆ ಹನ್ನೊಂದು ನಿಮಿಷ ತೋಳು ಇಳಿಸದೆ ಮೊಬೈಲ್ ಎತ್ತಿ ಹಿಡಿದು, ಸಂಜೆಯೊಳಗೆ ನಮ್ಮ ಸಿನಿಮಾವನ್ನು ಇಂಟರ್‌ನೆಟ್ಟಿನಲ್ಲಿ ಲೋಕಾರ್ಪಣೆ ಮಾಡಿದ ತಮಗೆ ನಮಸ್ಕಾರಗಳು. ತಮ್ಮ ಹೆಸರು, ವಿಳಾಸ ತಿಳಿಯದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ. ತಾವೂ ತಮ್ಮ ತೋಳೂ ಕ್ಷೇಮವೆಂದು ನಂಬಿದ್ದೇನೆ.

ನಾನು ಆ ಸಿನಿಮಾಕ್ಕೆ ಶಬ್ದ ಜೋಡಿಸಿದವಳು. ಕೊನೆಯ ನಾಲ್ಕು ನಿಮಿಷ ಹೆಂಡತಿಯನ್ನು ಕಳೆದುಕೊಂಡ ಮುದುಕ ಅಡುಗೆಮನೆಯಲ್ಲಿ ಒಬ್ಬನೇ ಕೂತಿರುತ್ತಾನೆ. ಮಾತಿಲ್ಲ, ಸಂಗೀತವಿಲ್ಲ, ಗುಂಯ್‌ಗುಡುತ್ತಿದ್ದ ಹಳೇ ಫ್ರಿಜ್ಜು ತಟಕ್ಕನೆ ನಿಲ್ಲುತ್ತದೆ, ಆಮೇಲೆ ಅವನ ಉಸಿರು ಮಾತ್ರ. ಆ ಫ್ರಿಜ್ಜಿಗಾಗಿ ಹನ್ನೊಂದು ಮನೆಗಳ ಅಡುಗೆಮನೆಯಲ್ಲಿ ಮೈಕ್ ಹಿಡಿದು ಕೂತಿದ್ದೆ. ಸರಿಯಾಗಿ ಅದು ನಿಂತ ಕ್ಷಣದಲ್ಲಿ ತಾವು ಮೂರು ಸಲ ಕೆಮ್ಮಿದ್ದೀರಿ.

ತಮ್ಮ ಪ್ರತಿ ನಮ್ಮ ಮನೆಗೆ ಬಂದದ್ದು ಭಾವನವರ ಕೃಪೆಯಿಂದ. ಅವರು ಹೆಮ್ಮೆಯಿಂದ ಎದೆಯುಬ್ಬಿಸಿ ಕುಟುಂಬದ ಗ್ರೂಪಿನಲ್ಲಿ “ನಮ್ಮನೆ ಸೊಸೆ ಕೆಲಸ ಮಾಡಿರೋ ಸಿನಿಮಾ, ಎಲ್ಲರೂ ನೋಡಿ, ಫ್ರೀ!” ಎಂದು ಲಿಂಕ್ ಹಾಕಿದರು. ಐವತ್ತೆರಡು ನೆಂಟರೂ ನೋಡಿದರು. ತಮ್ಮ ಮುಂದಿನ ಸಾಲಿನಿಂದ ಎದ್ದು ಹೋದ ಎತ್ತರದ ಮನುಷ್ಯ ಆಮೇಲೆ ಏನಾದ, ಕಥೆಯಲ್ಲಿ ಯಾಕೆ ವಾಪಸ್ ಬರಲಿಲ್ಲ ಎಂದು ಚಿಕ್ಕಮ್ಮ ಇನ್ನೂ ಕೇಳುತ್ತಿದ್ದಾರೆ. ಸೊಂಟ ಮುರಿದುಕೊಂಡು ಮಲಗಿದ್ದ ನಮ್ಮತ್ತೆಯಂತೂ ಕಣ್ಣೊರೆಸಿಕೊಂಡು, “ಕೊನೇಲಿ ಆ ಕೆಮ್ಮು ಇಟ್ಟಿದ್ದೀಯಲ್ಲಮ್ಮ, ಕರುಳು ಕಿತ್ತು ಬಂತು. ಪಾಪ, ಅವನೂ ಜಾಸ್ತಿ ದಿನ ಇರಲ್ಲ ಅಂತ ಆಗಲೇ ಗೊತ್ತಾಯ್ತು” ಎಂದರು. ಹನ್ನೆರಡು ವರ್ಷದಲ್ಲಿ ಅವರು ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಆದ್ದರಿಂದ ಮುಂದಿನ ಸಲ ತಾವು ನೇರವಾಗಿ ನಮ್ಮ ಸ್ಟುಡಿಯೋಗೇ ದಯಮಾಡಿಸಬೇಕೆಂದೂ, ಎಲ್ಲೆಲ್ಲಿ ಕೆಮ್ಮಬೇಕೆಂದು ಮೊದಲೇ ತಿಳಿಸಬೇಕೆಂದೂ ಕೋರುತ್ತೇನೆ.

ಐದನೆಯ ದಿನ ಚಿತ್ರಮಂದಿರದಲ್ಲಿ ಒಂಬತ್ತೇ ಜನ. ಗುರುವಾರವೇ ಕೊನೆ, ಆಮೇಲೆ ತೆಗೆಯುತ್ತೇವೆ ಎಂದು ಮಾಲೀಕರು ತಿಳಿಸಿದರು. ಅಂದು ಅತ್ತೆಯ ಹಾಸಿಗೆಯ ಪಕ್ಕ ಕೂತು, ಆ ಕೆಮ್ಮು ನನ್ನದಲ್ಲ, ಅಲ್ಲಿ ಇದ್ದದ್ದು ಮೌನ ಎಂದು ಒಪ್ಪಿಕೊಂಡೆ. ಹೊಗಳಿಕೆಯನ್ನು ವಾಪಸ್ ಕೊಡುವುದು ಎಷ್ಟು ಸಂಕಟವೆಂದು ತಮಗೆ ತಿಳಿಯದು. ತಾವು ಏನನ್ನೂ ವಾಪಸ್ ಕೊಟ್ಟವರಲ್ಲ. ಅತ್ತೆ ಹೊದಿಕೆ ಸರಿಸಿ, “ಹಾಗಾದ್ರೆ ನೀನು ಮಾಡಿದ್ದನ್ನ ನಾನು ಕೇಳೇ ಇಲ್ಲ ಅನ್ನು. ನಡಿ, ಹೋಗೋಣ” ಎಂದರು.

ಬುಧವಾರ ಮಧ್ಯಾಹ್ನದ ಆಟಕ್ಕೆ ಗಾಲಿಕುರ್ಚಿ ತಳ್ಳಿಕೊಂಡು ಬಂದವರು ಭಾವನವರೇ. ಪರದೆಯ ಮೇಲೆ ಫ್ರಿಜ್ಜು ನಿಂತಾಗ ಅತ್ತೆ ನನ್ನ ಮುಂಗೈ ಹಿಡಿದರು, ದೀಪ ಹತ್ತಿದರೂ ಬಿಡಲಿಲ್ಲ. ಹೊರಗೆ ಬಂದ ಮೇಲೆ ಮಗನಿಗೆ ಹೇಳಿದ್ದು ಒಂದೇ ಮಾತು: “ಆ ಗ್ರೂಪಲ್ಲಿ ಹಾಕಿದ್ದನ್ನ ತೆಗಿ.” ಭಾವನವರು ಮೆಟ್ಟಿಲ ಬಳಿಯೇ ನಿಂತು ಅಳಿಸಿದರು. ಬಳಿಕ ಯಾರೂ ಹೇಳದೆಯೇ, “ನಾಳೆ ಒಂದೇ ದಿನ ಉಳಿದಿರೋದು. ಬಾಗಿಲಲ್ಲಿ ನಾನೇ ನಿಂತಿರ್ತೀನಿ, ಬನ್ನಿ” ಎಂದು ಬರೆದರು. ಗುರುವಾರ ಮೂವತ್ತೊಂದು ನೆಂಟರು ಬಂದರು. ಶುಕ್ರವಾರ ಪೋಸ್ಟರ್ ಇಳಿಯಿತು, ಅದೂ ನಿಜ. ಆದರೆ ಹಿಂದಿನ ದಿನ, ಬಾಯಿ ಮುಚ್ಚಿದ್ದನ್ನು ಯಾರೂ ಕಂಡರಿಯದ ನಮ್ಮ ಇಡೀ ಕುಟುಂಬ ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ಕೂತಿತ್ತು. ಅದರ ಪ್ರತಿ ತಮ್ಮ ಬಳಿ ಇಲ್ಲ.

ತಮ್ಮಷ್ಟು ಪ್ರೇಕ್ಷಕರನ್ನು ಕಾಣದ, ತಮ್ಮ ವಿಶ್ವಾಸಿ,
ಶಬ್ದ ಜೋಡಿಸಿದವಳು

ಮರೆತ ಮಾತು: ತಾವು ಪರದೆಯ ಮೂಲೆಯಲ್ಲಿ ಅಚ್ಚೊತ್ತಿದ್ದ ತಮ್ಮ ಜಾಲತಾಣದ ಹೆಸರನ್ನು ಬೇರೆ ಯಾರೋ ಅಳಿಸಿ, ತಮ್ಮದೇ ಪ್ರತಿಗೆ ಅವರ ಹೆಸರು ಹಾಕಿಕೊಂಡು ಹಂಚುತ್ತಿದ್ದಾರೆ. ಕಷ್ಟಪಟ್ಟವರು ತಾವು, ಹೆಸರು ಇನ್ನೊಬ್ಬರದು! ಹೊಟ್ಟೆ ಉರಿಯಿತು. ದಯವಿಟ್ಟು ಗುರುತಿನ ಚೀಟಿಯೊಂದಿಗೆ ಪೊಲೀಸ್ ಠಾಣೆಗೆ ಬಂದು ಖುದ್ದಾಗಿ ದೂರು ಕೊಡಿ. ಸಾಕ್ಷಿ ಹೇಳಲು ನಾನು ಅಲ್ಲೇ ಕಾದಿರುತ್ತೇನೆ.