ಹಾಲೇಶಪ್ಪ ಯಾರೆಂದು ಕೇಳಿದ ಕಂಪ್ಯೂಟರ್

ಹೊಸ ಹಿಂದಿ ಟೀಚರ್ ಅಂಬಿಕಾ ಆ ಸೋಮವಾರದ ಬದಲು ಮಂಗಳವಾರ ಕೆಲಸಕ್ಕೆ ಸೇರಿದ್ದರೆ ಕೊಟ್ರೇಶನ ಮಾನ ಉಳಿಯುತ್ತಿತ್ತು.

ಕೊಟ್ರೇಶ್ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ಮಾವ ವಾಮದೇವಪ್ಪನವರ ಮನೆಯ ಮಹಡಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಂ ಬರೆಯುತ್ತಿದ್ದ. ಅಳಿಯ ಹಗಲೆಲ್ಲ ಟೀವಿ ಮುಂದೆ ಕೂರುತ್ತಾನೆ, ಅದರಲ್ಲಿ ಒಂದು ಸಿನಿಮಾ ಆದರೂ ಬರಬಾರದೇ ಎಂಬುದು ಮಾವನ ಕೊರಗು. "ಅಳಿಯಂದ್ರೇ, ಯುಗಾದಿಯೊಳಗೆ ಒಬ್ಬ ಗಿರಾಕಿನಾದ್ರೂ ಹಿಡೀರಿ. ಇಲ್ಲಾಂದ್ರೆ ನಮ್ಮ ಜವಳಿ ಅಂಗಡಿಗೆ ಬಂದು ಕೂಡ್ರಿ" ಎಂದು ಅವರು ಗಡುವು ಕೊಟ್ಟಿದ್ದರು.

ಆ ಒಬ್ಬ ಗಿರಾಕಿಯೇ ಹರಿಹರದ ಒಂದು ಹೈಸ್ಕೂಲು. ಯಾವ ಮೇಷ್ಟ್ರು ಯಾವ ಪಿರಿಯಡ್ಡಿಗೆ ಎಲ್ಲಿ ಹೋಗಬೇಕೆಂದು ತಾನೇ ಲೆಕ್ಕ ಹಾಕುವ ಟೈಮ್‌ಟೇಬಲ್ ಪ್ರೋಗ್ರಾಂ ಬರೆದುಕೊಂಡು ಕೊಟ್ರೇಶ್ ಬಸ್ಸು ಹತ್ತಿದ. ಶಾಲೆಗೆ ಹೋಗಿ ನೋಡಿದರೆ ಹೊಸ ಟೀಚರ್ ಬಂದಿದ್ದಾರೆ! ಅವರ ಹೆಸರು ಸೇರಿಸದೆ ಗತಿಯಿಲ್ಲ. ಹೆಡ್‌ಮಾಸ್ಟರ್ ಹಾಲೇಶಪ್ಪನವರ ಕೋಣೆಯಲ್ಲಿ, ಸ್ಟಾಫೆಲ್ಲ ಸುತ್ತ ನಿಂತು ನೋಡುತ್ತಿರುವಾಗಲೇ ಅವನು ಶಾಲೆಯ ಕಂಪ್ಯೂಟರಿಗೆ ತಾನು ಬರೆಯಲು ತಿದ್ದಲು ಬಳಸುವ ಎಡಿಟರ್ ಹಾಕಿ ಪ್ರೋಗ್ರಾಮಿನ ಹೊಟ್ಟೆ ತೆರೆದ.

ಆ ಎಡಿಟರಿಗೆ ಒಂದು ಎಕ್ಸ್‌ಟೆನ್ಷನ್ ಎಂಬ ಬಾಲಂಗೋಚಿ ಅಂಟಿಕೊಂಡಿತ್ತು. ಬರೆದದ್ದರಲ್ಲಿ ತಪ್ಪು ಕಂಡರೆ ಕೆಂಪು ಗೆರೆ ಎಳೆದು ಕೆಳಗೆ ಎಚ್ಚರಿಕೆ ಬರೆಯುವುದು ಅದರ ಕೆಲಸ. ಆದರೆ ಕೊಟ್ರೇಶ್ ಮೇಷ್ಟ್ರುಗಳ ಹೆಸರನ್ನು ಒಂದು ಫೈಲಿನಲ್ಲೂ ಅವರ ಕೆಲಸವನ್ನು ಇನ್ನೊಂದರಲ್ಲೂ ಬರೆದಿದ್ದ. ಎಕ್ಸ್‌ಟೆನ್ಷನ್ನಿಗೋ ಎದುರಿಗಿದ್ದ ಫೈಲು ಬಿಟ್ಟು ಬೇರೆ ಕಾಣದು. ಅಡುಗೆಮನೆಯಲ್ಲಿ ಇಣುಕಿ, ನಡುಮನೆಯಲ್ಲಿ ಕೂತ ಬೀಗರನ್ನು ಕಾಣದೆ, "ಬೀಗರು ಬಂದೇ ಇಲ್ಲ" ಎಂದು ಊರೆಲ್ಲ ಸಾರುವವರ ಜಾತಿ ಅದು. ಪಕ್ಕದ ಮನೆ ನಾಯಿಯ ಬೊಗಳಿಕೆಯಂತೆ ಕೊಟ್ರೇಶನಿಗೆ ಅದು ರೂಢಿಯಾಗಿಹೋಗಿತ್ತು.

ಇಂಗ್ಲಿಷ್ ಟೀಚರ್ ಕಸ್ತೂರಮ್ಮ ಕನ್ನಡಕ ಏರಿಸಿ ಪರದೆಯನ್ನು ಓದಿದರು. "ಮುರುಗೇಶಪ್ಪ... ಹೆಸರು ಮಾತ್ರ ಐತಂತೆ, ಎಲ್ಲೂ ಉಪಯೋಗಕ್ಕೆ ಬಂದಿಲ್ಲಂತೆ!"

ಊಟವಾದ ಮೇಲಿನ ಪಿರಿಯಡ್ಡನ್ನು ಯಾವಾಗಲೂ ನಿದ್ದೆಯಲ್ಲೇ ಕಳೆಯುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಮುರುಗೇಶಪ್ಪನವರ ಮುಖ ಬದನೆಕಾಯಿಯಾಯಿತು. ಬಾಗಿಲಲ್ಲಿ ನಿಂತಿದ್ದ ಆಯಾ ಚೌಡವ್ವ ಗಲ್ಲಕ್ಕೆ ಕೈಯಿಟ್ಟಳು. "ಯವ್ವಾ, ಮಿಷಿನ್ನಿಗೂ ಗೊತ್ತಾತಾ!"

ಕಸ್ತೂರಮ್ಮನಿಗೆ ನಗು ತಡೆಯಲಿಲ್ಲ. ಮುಂದಿನ ಸಾಲಿನಲ್ಲಿ ಅವರದೇ ಹೆಸರಿತ್ತು, ಅವರೂ ಉಪಯೋಗಕ್ಕೆ ಬಂದಿರಲಿಲ್ಲ. ನಗು ಅಲ್ಲಿಗೇ ನಿಂತಿತು.

"ಇವೆಲ್ಲ ಸುಳ್ಳು ಎಚ್ಚರಿಕೆ ಸರ್!" ಕೊಟ್ರೇಶ್ ಬೆವರಿದ. "ನಿಮ್ಮ ಕೆಲಸ ಎಲ್ಲ ಇನ್ನೊಂದು ಫೈಲಿನಾಗೆ ಐತೆ. ತಡೀರಿ, ತೋರಿಸ್ತೀನಿ."

ತೋರಿಸಿದ. ಅಲ್ಲಿ ಪರದೆ ತುಂಬ ಕೆಂಪೋ ಕೆಂಪು. ಕೆಲಸವಿದ್ದ ಫೈಲಿನಲ್ಲಿ ಹೆಸರಿನ ಪಟ್ಟಿ ಇರಲಿಲ್ಲವಲ್ಲ! ಕಸ್ತೂರಮ್ಮ ಸೇಡು ತೀರಿಸಿಕೊಳ್ಳುವವರಂತೆ ಗಟ್ಟಿಯಾಗಿ ಓದಿದರು. "ಹಾಲೇಶಪ್ಪ... ಇವರು ಯಾರೋ ಗೊತ್ತಿಲ್ಲಂತೆ."

"ನಾನ್ಯಾರಂತ ಗೊತ್ತಿಲ್ಲಾ?" ಹೆಡ್‌ಮಾಸ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಕುಕ್ಕುವಾಡದ ಹಳ್ಳಿಯಾಗೆ ದನ ಕಾಯೋ ಹುಡುಗ್ರಿಗೂ ನಾನು ಗೊತ್ತು ಕಣ್ರಿ!"

"ಉಕ್ಕಡಗಾತ್ರಿ ಅಜ್ಜಯ್ಯನ ಆಣೆ ಸರ್, ಈ ಮಿಷಿನ್ ಹೇಳೋದು ನಂಬಬ್ಯಾಡ್ರಿ! ಈ ಎಕ್ಸ್‌ಟೆನ್ಷನ್ ನಾನು ಮಾಡಿದ್ದಲ್ಲ. ಯಾವುದೋ ಮ್ಯಾಗಜೀನ್ ಜೊತೆ ಪುಕ್ಕಟೆ ಬಂದಿದ್ದು!"

ಸುಳ್ಳು ಆಣೆ ಮಾಡಿದವರನ್ನು ಬಿಡದ ದೈವ ಆ ಅಜ್ಜಯ್ಯ. ಹೆಸರು ಕೇಳಿ ಎಲ್ಲರೂ ತಣ್ಣಗಾದರು. ಕೊಟ್ರೇಶ್ ಆ ಗಳಿಗೆ ಬಿಡದೆ ಅಂಬಿಕಾ ಹೆಸರು ಸೇರಿಸಿ ಪ್ರೋಗ್ರಾಂ ಓಡಿಸಿದ. ಪ್ರಿಂಟರ್ ಕಿರ್ರೋ ಎಂದು ಟೈಮ್‌ಟೇಬಲ್ ಉಗುಳಿತು. ಒಂದು ತಪ್ಪಿಲ್ಲ. ಎಲ್ಲರಿಗೂ ಸಮನಾಗಿ ಕೆಲಸ.

ಎಡವಟ್ಟಾದದ್ದೇ ಅಲ್ಲಿ. ಮುರುಗೇಶಪ್ಪನವರ ನಿದ್ದೆಯ ಪಿರಿಯಡ್ಡು ಹೋಗಿತ್ತು. ಕಸ್ತೂರಮ್ಮನಿಗೆ ಶನಿವಾರ ಬೇಗ ಮನೆಗೆ ಹೊರಡುವ ಯೋಗ ತಪ್ಪಿತ್ತು.

ಮುರುಗೇಶಪ್ಪ ಕಾಗದವನ್ನು ಮೆಲ್ಲಗೆ ಮಡಿಸಿ ಮೇಜಿನ ಮೇಲಿಟ್ಟರು. "ಮಿಷಿನ್ ಹೇಳೋದು ನಂಬಬ್ಯಾಡ್ರಿ ಅಂತ ಈಗ ಅಜ್ಜಯ್ಯನ ಆಣೆ ಮಾಡಿದ್ರಲ್ಲ ಕೊಟ್ರೇಶ್? ಇದನ್ನ ಹೇಳಿದ್ದೂ ಅದೇ ಮಿಷಿನ್ನೇ ಹೌದಲ್ರಿ?"

"ಅಜ್ಜಯ್ಯನ ಆಣೆ ಮೀರೋದು ಬ್ಯಾಡ್ರಪ್ಪ" ಎಂದರು ಕಸ್ತೂರಮ್ಮ, ಭಕ್ತಿಯಿಂದ. ಹಳೇ ಟೈಮ್‌ಟೇಬಲ್ಲೇ ಇರಲಿ ಎಂದು ಒಕ್ಕೊರಲಿನಿಂದ ತೀರ್ಮಾನವಾಯಿತು. ಇಡೀ ಸ್ಟಾಫು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲಂತೆ.

ಸಂಜೆ ಜೋಲುಮೋರೆ ಹಾಕಿಕೊಂಡಿದ್ದ ಕೊಟ್ರೇಶನನ್ನು ಹಾಲೇಶಪ್ಪನವರೇ ಬಸ್‌ಸ್ಟ್ಯಾಂಡಿಗೆ ಕರೆತಂದು, ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ, ದನಿ ತಗ್ಗಿಸಿದರು. "ಟೈಮ್‌ಟೇಬಲ್ ಹೋಗ್ಲಿ ಬಿಡ್ರಿ. ಆ ಕೆಂಪು ಗೆರೆ ಎಳೆಯೋದನ್ನ ಮಾತ್ರ ನಮ್ಮ ಕಂಪ್ಯೂಟರಿನಾಗೇ ಬಿಟ್ಟಿರ್ರಿ."

"ಸರ್, ಅದು ಬರೇ ಸುಳ್ಳು ಹೇಳ್ತತಿ!"

"ಹೇಳಲಿ ಬಿಡ್ರಿ. ಮಿಷಿನ್ ಸುಳ್ಳು ಅಂತ ಬಾಯಾಗೆ ಅಂದ್ರೂ, ಇವತ್ತು ಮಧ್ಯಾಹ್ನ ನಿದ್ದೆ ಬಿಟ್ಟು, ಮುಂದಿನ ಪಿರಿಯಡ್ಡಿನ ಗಂಟೆ ಹೊಡೆಯೋಕ್ಕಿಂತ ಮುಂಚೆನೇ ಮುರುಗೇಶಪ್ಪ ಕ್ಲಾಸಿನಾಗಿದ್ದ. ನನ್ನ ಸರ್ವಿಸ್ಸಿನಾಗೆ ಇಂಥದ್ದು ಕಂಡಿಲ್ಲ."

ಕೊಟ್ರೇಶನಿಗೆ ಜೀವ ಬಂತು. "ಹಂಗಾದ್ರೆ ಅದಕ್ಕೆ ಬಿಲ್ಲು..."

"ಬಿಲ್ಲಾ? ಪುಕ್ಕಟೆ ಬಂದಿದ್ದು ಅಂತ ನೀವೇ ಆಣೆ ಮಾಡಿದ್ರಲ್ರಿ!"

ಜವಳಿ ಅಂಗಡಿಯ ಗಾದಿ ಕೊಟ್ರೇಶನ ಕಣ್ಣ ಮುಂದೆ ಬಂತು. ಗಾದಿ ಮೆತ್ತಗಿತ್ತು. ಅಲ್ಲಿ ಯಾರೂ ಕೆಂಪು ಗೆರೆ ಎಳೆಯುವವರಿಲ್ಲ ಎಂದು ನೆನೆದು ಅವನಿಗೆ ಒಳಗೊಳಗೇ ಹಾಯೆನಿಸಿತು. ಕೈ ಮುಗಿದು ಬಸ್ಸು ಹತ್ತಿದ.

ಬಸ್ಸು ಹೊರಟಿತ್ತು. ಹಾಲೇಶಪ್ಪ ಕಿಟಕಿಯ ಜೊತೆ ಓಡುತ್ತ ಕೂಗಿದರು. "ಕೊಟ್ರೇಶ್! ಅದರಾಗಿಂದ ನನ್ನ ಹೆಸರೊಂದು ಹೆಂಗೆ ತೆಗಿಯೋದು, ಹೇಳಿ ಹೋಗ್ರಿ!"

ಕೊಟ್ರೇಶ್ ಕಿಟಕಿಯಿಂದ ತಲೆ ಹೊರಹಾಕಿದ. "ಹೆಂಗೆ ತೆಗಿಯೋದು ಸರ್? ಅದಕ್ಕೆ ನೀವು ಯಾರಂತಾನೇ ಗೊತ್ತಿಲ್ಲ!"