ಕಾಲ್ಬೆರಳಿಗೊಂದು ಕೌದಿ

ನಿಲ್ಲಲೆಂದು ದೇವರು ಎರಡು ಅಂಗಾಲು ಕೊಟ್ಟಿರುವಾಗ, ಬೆರಳ ತುದಿಯ ಮೇಲೆ ನಿಂತು ಕುಣಿಯುವ ಬ್ಯಾಲೆ ಎಂಬ ವಿದ್ಯೆ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದ ಪುಣೆಯ ಹೆಣ್ಣುಮಗಳೊಬ್ಬಳು ತನ್ನ ಮನೆಯ ಮಾಳಿಗೆಯಲ್ಲಿ ಅದನ್ನು ಕಲಿಸುತ್ತಾಳೆ. ಹುಮನಾಬಾದಿನಿಂದ ನಾಲ್ಕು ವರ್ಷ ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿಬಂದ ನನ್ನ ಮಗಳಿಗೆ ಈ ವರ್ಷ ತುದಿಬೆರಳ ಬೂಟಿನ ಭಾಗ್ಯ ಬಂತು. ಹೊರಗೆ ಗುಲಾಬಿ ರೇಷ್ಮೆ, ಉದ್ದುದ್ದ ರಿಬ್ಬನ್ನು. ಒಳಗೆ ಕೈಹಾಕಿದರೆ ಮೂತಿಯಲ್ಲಿ ಶಹಾಬಾದ್ ಕಲ್ಲು!

ವಾರದೊಳಗೆ ಬೆರಳು ಸುಲಿದವು. ಶನಿವಾರ ನಾನು ಆಫೀಸಿನಿಂದ ಬರುತ್ತಲೇ ಮಗಳು, "ಅಪ್ಪಾ, ಒಳಗ ಮೆತ್ತಗ ಏನರ ಇಡಬೇಕು. ನಾಳಿ ಟೀಚರ್ ನೋಡ್ತಾರ. ನಿಲ್ಲಾಕ ಬರಲಿಲ್ಲಂದ್ರ ಕಾರ್ಯಕ್ರಮದಾಗಿಂದ ತೆಗೀತಾರ" ಎಂದು ಕಣ್ಣೀರು ತಂದಳು.

"ಮೆತ್ತಗ ಬೇಕಂದ್ರ ಕುಣಿಯೋದ್ಯಾಕ? ಮಲಕೋಬೇಕು!" ಎಂದು ಮೂಗು ಮುರಿದೆ. ನಮ್ಮಜ್ಜ ಬರಿಗಾಲಲ್ಲಿ ಹುಲಸೂರ ಸಂತೆಗೆ ಹೋಗಿಬರುತ್ತಿದ್ದ ಕಥೆಯನ್ನೂ ಹೇಳಿದೆ. ಅಜ್ಜ ಗಾಡಿಯಲ್ಲಿ ಕೂತು ಹೋಗುತ್ತಿದ್ದನೆಂಬುದು ಬೇರೆ ಮಾತು.

ಆದರೂ ಹೆತ್ತ ಕರುಳು. ತಲೆದಿಂಬು ಬಿಚ್ಚಿ ಎರಡೂ ಬೂಟಿಗೆ ಹತ್ತಿ ತುರುಕಿದೆ. ಪಾದ ಒಳಗೇ ಹೋಗಲಿಲ್ಲ. ಅರ್ಧ ಕಿತ್ತೆ, ಉಳಿದದ್ದು ಗಂಟುಗಂಟಾಗಿ ಸುಲಿದ ಬೆರಳನ್ನೇ ಒತ್ತಿತು. ಮಗಳು ಜೋರಾಗಿ ಅತ್ತಳು.

ಹೆಂಡತಿ ಬಂದು ನೋಡಿದಳು. "ಬೂಟಿನ್ಯಾಗ ಹಾಸಿಗಿ ಹಾಸಾಕತ್ತೀರೇನ್ರಿ? ತೆಳ್ಳಗ ಇರಬೇಕದು. ಕೆಳಗ ನೆಲ ಅದ ಅಂತ ಬೆರಳಿಗಿ ತಿಳೀಬೇಕು. ಸರೀರಿ ಅತ್ಲಾಗ."

ಅವಳು ಕೌದಿ ಹೊಲಿಯುವವಳು. ಹಳೆ ಬಟ್ಟೆಯನ್ನು ಪದರಪದರ ಜೋಡಿಸಿ ಒತ್ತೊತ್ತಾಗಿ ದಾರ ಓಡಿಸಿದರೆ ಎಷ್ಟು ತುಳಿದರೂ ಗಂಟು ಕಟ್ಟದು. ಊಟದ ಹೊತ್ತಿಗೆ ಬೆರಳುಗಳಿಗೆ ಟೋಪಿಯಂಥ ಎರಡು ಪುಟ್ಟ ಕೌದಿ ಸಿದ್ಧವಾದವು. "ಇನ್ನ ಉಗುರಿಗಿ ಚಾದರ ಹೊಲಿ" ಎಂದು ನಕ್ಕೆ. ಯಾರೂ ನಗಲಿಲ್ಲ.

ಮರುದಿನ ಮೂವರೂ ಬಸ್ಸು ಹತ್ತಿ ಟೀಚರ್ ಮನೆಗೆ ಹೋದೆವು. ಮಗಳು ತುದಿಬೆರಳ ಮೇಲೆದ್ದಳು, ನಿಂತಳು, ಮಾಳಿಗೆಯ ಈ ಗೋಡೆಯಿಂದ ಆ ಗೋಡೆಗೆ ತೇಲಿದಳು. ನನ್ನ ಕಣ್ಣು ತುಂಬಿತು. ಬಸ್ಸಿನ ಧೂಳು ಎಂದೆ. ಟೀಚರ್ ಆ ಕೌದಿಯನ್ನು ಮುಟ್ಟಿ, ಇಷ್ಟು ಮೆದುವಾದ ಬಟ್ಟೆ ಎಲ್ಲಿ ಸಿಕ್ಕಿತೆಂದು ಕೇಳಿದಳು. "ಮನ್ಯಾಗಿಂದೇ ರೀ" ಎಂದ ಹೆಂಡತಿ ನನ್ನ ಕಡೆ ನೋಡಲಿಲ್ಲ.

ನೋಡದಿದ್ದುದೇಕೆಂದು ತಿಳಿದದ್ದು ಸೋಮವಾರ. ಆಫೀಸಿನ ಮರದ ಕುರ್ಚಿಗೆ ಹದಿನೈದು ವರ್ಷದಿಂದ ಮಡಚಿ ಹಾಸುವ ನನ್ನ ಕೌದಿಯನ್ನು ಒಗೆಯಲೆಂದು ಶನಿವಾರ ಮನೆಗೆ ತಂದಿದ್ದೆ. ವಾಪಸು ಒಯ್ದು ಬಿಚ್ಚಿದರೆ, ಕೂತು ಕೂತು ಸವೆದು ಮೆದುವಾದ ನಟ್ಟನಡುವೆ ಅಂಗೈಯಗಲದ ಎರಡು ತೂತು! ಮಧ್ಯಾಹ್ನದೊಳಗೆ ಆರು ಸಲ ಎದ್ದು ನಿಂತೆ.

ಸಂಜೆ ಕೌದಿ ಹಿಡಿದುಕೊಂಡು ಹೆಂಡತಿಯ ಮುಂದೆ ಹೋದೆ. ಅವಳು ತಲೆಯೆತ್ತದೆ, "ಮೆತ್ತಗ ಬೇಕಂದ್ರ ಕೂಡೋದ್ಯಾಕ್ರಿ? ಮಲಕೋಬೇಕು" ಎಂದಳು.

ಚಹಾವನ್ನು ನಿಂತೇ ಕುಡಿದೆ.