ಮುಂದೆ ಯಾರಪ್ಪಾ ನಡೀತೀರಿ?

ಲೋಕದಲ್ಲಿ ಎಲ್ಲರಿಗೂ ಮುಂದೆ ನಿಲ್ಲುವ ಚಪಲ. ಮದುವೆ ಮನೆಯ ಫೋಟೋದಲ್ಲಿ ಮುಂದೆ ನಿಲ್ಲಬೇಕು, ಊಟದ ಪಂಕ್ತಿಯಲ್ಲಿ ಮುಂದೆ ಕೂರಬೇಕು, ರೇಷನ್ ಅಂಗಡಿಯಲ್ಲಂತೂ ತಾನು ಬರುವ ಮೊದಲೇ ತನ್ನ ಚೀಲ ಮುಂದೆ ಕೂತಿರಬೇಕು. ನಾನೂ ಇದಕ್ಕೆ ಹೊರತಲ್ಲ. ಮುಂದಿನ ಸೀಟಿನ ಆಸೆಗೆ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು, ನಾನು ಹತ್ತುವ ಮೊದಲೇ ಬಸ್ಸು ಹೊರಟು, ಟವೆಲನ್ನು ಮಾತ್ರ ಧರ್ಮಪುರಿಗೆ ಕಳಿಸಿಕೊಟ್ಟವನು ನಾನು. ಆದರೆ ವರ್ಷಕ್ಕೊಂದು ದಿನ, ಡಿಸೆಂಬರಿನ ಕೊನೆಯ ಭಾನುವಾರ, ನಮ್ಮ ಬೀದಿಯ ಗಂಡಸರೆಲ್ಲ ಒಂದು ಸಾಲಿನಲ್ಲಿ ಹಿಂದಿನ ಜಾಗಕ್ಕಾಗಿ ಒಬ್ಬರನ್ನೊಬ್ಬರು ತಳ್ಳಾಡುತ್ತಾರೆ. ಏಕೆಂದರೆ ಆ ಸಾಲಿನಲ್ಲಿ ಮುಂದೆ ನಡೆದವನು ಮರುವರ್ಷ ಸಾಮಾನ್ಯವಾಗಿ ಇರುವುದಿಲ್ಲ.

ನಮ್ಮದು ಸೇಲಂನ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಬ್ಯಾಂಕಿಗೆ ಹೋದರೆ ಬಾಯಿಗೆ ಬಂದಷ್ಟು ಇಂಗ್ಲಿಷು. ಪೊಂಗಲ್ ಸೀರೆಗಳನ್ನು ಮಗ್ಗದಿಂದ ಕೊಯ್ದುಕೊಟ್ಟು, ಹೊಸ ಹಾಸುನೂಲು ಹೂಡುವ ಮುಂಚೆ, ಎಲ್ಲರೂ ಸೇರಿ ಕೊಳತ್ತೂರಿನ ಮೇಲಿರುವ ಪಾಲಮಲೆ ಹತ್ತಿ, ಆ ವರ್ಷ ನೇಯ್ದ ಒಂದು ತುಂಡು ಬಟ್ಟೆಯನ್ನು ಬೆಟ್ಟದ ಸ್ವಾಮಿಗೆ ಹೊದಿಸಿ ಬರುವುದು ಅಜ್ಜನ ಕಾಲದ ಪದ್ಧತಿ. ಈಗ ಮಗ್ಗಗಳು ಬಹುಪಾಲು ಸೌದೆಯಾಗಿವೆ, ಪದ್ಧತಿ ಉಳಿದುಕೊಂಡಿದೆ. ಬೆಟ್ಟಕ್ಕೆ ಜೀಪೂ ಹೋಗುತ್ತದೆ. ಜೀಪಿನಲ್ಲಿ ಹೋದರೆ ಸ್ವಾಮಿ ಬಟ್ಟೆ ಬೇಡ ಅನ್ನುತ್ತಾನೆಯೇ ಎಂದು ಒಮ್ಮೆ ಕೇಳಿ, ಹಿರಿಯರ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ಹಿಮ ಗಿಮ ನಮ್ಮ ಬೆಟ್ಟದಲ್ಲಿ ಬೀಳುವುದಿಲ್ಲ. ಟೀವಿಯಲ್ಲಿ ಕಾಶ್ಮೀರ ನೋಡಿದ ನನ್ನ ಹೆಂಡತಿಗೆ ಅದೊಂದು ಕೊರತೆ. ಆದರೆ ಮಾರ್ಗಳಿ ತಿಂಗಳ ಮಂಜು ಕಾಡಿನ ಮೇಲೆ ಇಳಿದರೆ ಹುಲ್ಲು ಬೆಳ್ಳಗಾಗುತ್ತದೆ, ಮರಗಳು ಕಾಣೆಯಾಗುತ್ತವೆ, ಮುಂದಿರುವವನ ಬೆನ್ನು ಬಿಟ್ಟರೆ ಬೇರೇನೂ ಕಣ್ಣಿಗೆ ಸಿಗುವುದಿಲ್ಲ. ಅಂಥ ಮಂಜಿನಲ್ಲಿ ಹಿಂದೆ ಉಳಿದವನು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲವೆಂದು ಹಿರಿಯರು ಒಂದು ಕಟ್ಟಳೆ ಮಾಡಿದರು: ಎಲ್ಲರಿಗಿಂತ ಕೈಲಾಗದವನು ಮುಂದೆ ನಡೆಯಬೇಕು, ಅವನನ್ನು ಯಾರೂ ದಾಟಬಾರದು. ಬೀದಿಯುದ್ದಕ್ಕೂ ಹಾಸುನೂಲು ಹಿಡಿದು ಸಾಲಾಗಿ ನಡೆಯುವಾಗ ಒಬ್ಬ ಜೋರಾಗಿ ಎಳೆದರೆ ನೂಲು ಕಡಿಯುತ್ತದಲ್ಲ, ಅದೇ ಬುದ್ಧಿ.

ಕಟ್ಟಳೆ ಒಳ್ಳೆಯದೇ. ತೊಂದರೆಯೆಂದರೆ, ಕೈಲಾಗದವರನ್ನೇ ಹುಡುಕಿ ಹುಡುಕಿ ಮುಂದೆ ನಿಲ್ಲಿಸಿದರೆ ಅವರು ಮುಂದಿನ ವರ್ಷಕ್ಕೆ ಎಲ್ಲಿ ಉಳಿಯುತ್ತಾರೆ? ಹೀಗಾಗಿ ಆ ಜಾಗಕ್ಕೆ ಕೆಟ್ಟ ಹೆಸರು ಬಂತು. ಡಿಸೆಂಬರ್ ಬಂದರೆ ನಮ್ಮ ಬೀದಿಯ ಮುದುಕರಿಗೆ ಎಲ್ಲಿಲ್ಲದ ಯೌವನ ಬರುತ್ತದೆ. ಒಬ್ಬರು ಮೀಸೆಗೆ ಬಣ್ಣ ಹಚ್ಚುತ್ತಾರೆ. ಇನ್ನೊಬ್ಬರು ಮನೆಯಲ್ಲಿ ಕೋಲು ಬಿಟ್ಟು ಬಂದು, ಗೋಡೆ ಹಿಡಿದುಕೊಂಡು ವಾಕಿಂಗ್ ಮಾಡುತ್ತಾರೆ. ಬೆಟ್ಟದ ಬುಡದಲ್ಲಿ ಒಂದು ಹುಣಸೆಮರವಿದೆ. ಅಲ್ಲಿ ಬೀದಿಯ ಯಜಮಾನರು ನಿಂತು, "ಮುಂದೆ ಯಾರಪ್ಪಾ ನಡೀತೀರಿ?" ಎಂದು ಕೇಳುತ್ತಾರೆ. ಆಗ ಎಲ್ಲರೂ ಹುಣಸೆಮರದ ತುದಿ ನೋಡತೊಡಗುತ್ತಾರೆ. ಆಮೇಲೆ ಮೆಲ್ಲಗೆ ಕಣ್ಣುಗಳು ಕೆಳಗಿಳಿದು, ಯಾರೂ ಏನೂ ಹೇಳದೆ, ಒಬ್ಬನ ಮೇಲೆ ಹೋಗಿ ನಿಲ್ಲುತ್ತವೆ. ಆ ಒಬ್ಬನು ತಲೆ ತಗ್ಗಿಸಿ ಮುಂದೆ ಬರುತ್ತಾನೆ. ನಾನು ಕಂಡ ಮಟ್ಟಿಗೆ ಇದಕ್ಕಿಂತ ಮರ್ಯಾದೆಯಿಂದ ಒಬ್ಬ ಮನುಷ್ಯನಿಗೆ ಅವನ ಸಾವನ್ನು ತಿಳಿಸುವ ಏರ್ಪಾಡು ಬೇರೆಲ್ಲೂ ಇಲ್ಲ.

ಹೋದ ವರ್ಷ ಆ ಕಣ್ಣುಗಳು ನಮ್ಮ ಭಾವನ ಮೇಲೆ ಬೀಳಲಿದ್ದವು. ಭಾವ ಎಂದರೆ ನನ್ನ ಅಕ್ಕನ ಗಂಡ, ಅವರಿಗೆ ನಾನು ಮಚ್ಚಾನ್. ಬೀದಿಯಲ್ಲಿ ಕೈಮಗ್ಗ ಬಿಡದೆ ಉಳಿದವರಲ್ಲಿ ಒಬ್ಬರು. ನೂಲಿನ ಧೂಳು ಕುಡಿದೂ ಕುಡಿದೂ ಅವರ ಎದೆ ಕೆಟ್ಟಿತ್ತು. ಆಸ್ಪತ್ರೆಯ ವೆರಾಂಡಾದಲ್ಲಿ ಡಾಕ್ಟರು ನನ್ನನ್ನೂ ಅಕ್ಕನನ್ನೂ ಬದಿಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ ಎಂದರು. ಅಕ್ಕ ಕಣ್ಣು ಒರೆಸಿಕೊಂಡು ಒಳಗೆ ಹೋಗಿ, ಗಂಡನಿಗೆ, "ಸಳಿ ಅಂತೆ. ಬರೀ ಸಳಿ. ಬಿಸ್ನೀರು ಕುಡಿಬೇಕಂತೆ" ಎಂದಳು. ಅವಳ ಮುಖ ನೋಡಿದ್ದರೆ ಡಾಕ್ಟರೂ ಅದು ಶೀತದ ಕಫವೇ ಎಂದು ನಂಬುತ್ತಿದ್ದರು. ಮನೆಗೆ ಬಂದ ಭಾವ ಬಿಸಿನೀರು ಕುಡಿಯುತ್ತಾ, "ಅಂಗಾದ್ರೆ ಈ ಸಲಾನೂ ಬೆಟ್ಟಕ್ಕೆ ಓಗ್ಬೋದು" ಎಂದರು.

ಮರುದಿನ ಅಕ್ಕ ನಮ್ಮ ಮನೆಗೆ ಬಂದಳು. "ತಡೀಬ್ಯಾಡ ಕಣ್ಲಾ. ತಡುದ್ರೆ ಅವ್ರಿಗೆ ಗೊತ್ತಾಗೋಯ್ತದೆ. ಮುಂದೆ ನಿಲ್ಸುದ್ರೂ ಗೊತ್ತಾಗೋಯ್ತದೆ. ಇಂದೆ ಬುಟ್ರೆ ಉಸ್ರು ಸಿಕ್ದೆ ಅಲ್ಲೇ ಬಿದ್ದೋಯ್ತಾರೆ. ನಾಕಕ್ಷರ ಓದಿದ್ದೀಯಲ್ಲ, ಏನಾನ ಮಾಡು."

ನಾನು ನೇಕಾರರ ಸೊಸೈಟಿಯಲ್ಲಿ ಗುಮಾಸ್ತನಾಗಿ ಕೂತು ಕೂತೇ ನಿವೃತ್ತನಾದವನು. ತಾತನಿಂದ ಕನ್ನಡ ಓದುವುದನ್ನು ಕಲಿತದ್ದರಿಂದ ಮನೆತನದಲ್ಲಿ ನನಗೆ ಬುದ್ಧಿವಂತನೆಂಬ ಹೆಸರು. ಆ ಹೆಸರು ಉಳಿಸಿಕೊಳ್ಳಲು ಬಹಳ ಹೊತ್ತು ಯೋಚಿಸುವವನಂತೆ ಕೂತು, "ನಾನೇ ಮುಂದೆ ನಿಂತ್ಕೊಂಡ್ರೆ?" ಎಂದೆ. ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಂತ್ಕೊ. ನಿನ್ನ ನೋಡುದ್ರೆ ಯಾರಾನ ನಂಬ್ತಾರೆ" ಎಂದಳು. ಹುಟ್ಟಿದಾಗಿನಿಂದ ಅಕ್ಕ ನನ್ನ ಬಗ್ಗೆ ಆಡಿದ ಒಳ್ಳೆಯ ಮಾತುಗಳಲ್ಲಿ ಇದೂ ಒಂದು.

ಡಿಸೆಂಬರ್ ಹುಟ್ಟುತ್ತಲೇ ನಾನು ಕೆಮ್ಮಲು ಶುರುಮಾಡಿದೆ. ಮೊದಮೊದಲು ಬೀದಿಯಲ್ಲಿ ಜನ ಕಂಡಾಗ ಮಾತ್ರ ಕೆಮ್ಮುತ್ತಿದ್ದೆ. ಆಮೇಲೆ ಕೈ ಕುದುರಿತು. ಮಂಕಿಕ್ಯಾಪು ಹಾಕಿಕೊಂಡೆ. ಟೀ ಅಂಗಡಿಯ ಬೆಂಚಿನಿಂದ ಏಳುವಾಗ ಎರಡೂ ಮೊಣಕಾಲು ಹಿಡಿದು, "ಸಿವನೇ" ಎಂದೆ. ಹೆಂಡತಿಗೆ ವಿಷಯ ಹೇಳಿರಲಿಲ್ಲ. ಅವಳಿಗೆ ಹೇಳಿದರೆ ಬೀದಿಗೇ ಹೇಳಿದಂತೆ. ಅವಳು ಒಂದು ವಾರ ಗೊಣಗಿದಳು, ಎರಡನೆಯ ವಾರ ಗೊಣಗುವುದನ್ನು ನಿಲ್ಲಿಸಿದಳು. ಟೀವಿಯ ರಿಮೋಟು ತಾನಾಗಿ ನನ್ನ ಕೈಗೆ ಬಂತು. ಊಟಕ್ಕೆ ದಿನವೂ ಮೊಟ್ಟೆ ಬಿತ್ತು. ಮದುವೆಯಾದ ಮೇಲೆ ನಾನು ಅಷ್ಟು ಸುಖವಾಗಿ ಕಳೆದ ತಿಂಗಳು ಇನ್ನೊಂದಿಲ್ಲ. ಆದರೆ ಒಂದು ಬೆಳಿಗ್ಗೆ ಅವಳು ಮಾರಿಯಮ್ಮನ ಗುಡಿಯಲ್ಲಿ ಹಣೆ ನೆಲಕ್ಕೆ ಮುಟ್ಟಿಸಿ ಏಳದೆ ಬಿದ್ದಿರುವುದನ್ನು ಕಂಡೆ. ಅಂದಿನಿಂದ ಮೊಟ್ಟೆ ಗಂಟಲಲ್ಲಿ ಇಳಿಯಲಿಲ್ಲ. ಬೇಡ ಎಂದರೆ ಅವಳು ಇನ್ನಷ್ಟು ಹೆದರಿದಳು.

ಆ ಭಾನುವಾರ ಹುಣಸೆಮರದ ಕೆಳಗೆ ಯಜಮಾನರು ಕೇಳಿದರು, "ಮುಂದೆ ಯಾರಪ್ಪಾ ನಡೀತೀರಿ?" ಎಲ್ಲರೂ ಮರದ ತುದಿ ನೋಡಿದರು. ಕಣ್ಣುಗಳು ಇಳಿಯತೊಡಗಿ, ಭಾವನ ಕಡೆಗೆ ಹೊರಳುವಷ್ಟರಲ್ಲಿ ನಾನು ಎದೆ ಹಿಡಿದು, ಕೆಮ್ಮಿ, ಬೇರಿನ ಮೇಲೆ ಕುಸಿದೆ. ಕುಸಿಯುವಾಗ ಬೇರಿನ ಗಂಟು ನಿಜಕ್ಕೂ ಸೊಂಟಕ್ಕೆ ಬಡಿದದ್ದರಿಂದ ನರಳಾಟ ಸಹಜವಾಗಿ ಬಂತು. ಯಜಮಾನರು ಹೆಗಲ ಮೇಲೆ ಕೈಯಿಟ್ಟು, "ಬಾಪ್ಪಾ" ಎಂದು ಎಬ್ಬಿಸಿದರು. ನಾನು ಮುಂದೆ ಹೋಗಿ ನಿಂತೆ. ನನ್ನ ಬೆನ್ನ ಹಿಂದೆಯೇ ಭಾವ ಬಂದು ನಿಂತು, "ಏನ್ಲಾ ಮಚ್ಚಾನ್, ನನಗಿಂತ ಚಿಕ್ಕೋನು ನೀನು" ಎಂದರು. ಆಮೇಲೆ ನನ್ನ ಹೆಗಲಿನ ಚೀಲವನ್ನು ಕಿತ್ತುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.

ಇದು ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಚೀಲದಲ್ಲಿ ಪುಳಿಸಾದದ, ಅಂದರೆ ಹುಣಸೆ ಅನ್ನದ ಡಬ್ಬ, ನೀರಿನ ಬಾಟಲಿ, ಕಂಬಳಿ, ಹೆಂಡತಿ ತುಂಬಿಸಿದ ಕಷಾಯದ ಫ್ಲಾಸ್ಕು. ವಾಪಸು ಕೇಳೋಣವೆಂದರೆ ಸಾಯುತ್ತಿರುವವನು ನಾನು. ಬಿಡೋಣವೆಂದರೆ ಸಾಯುತ್ತಿರುವವರು ಅವರು. "ಕೊಡಿ ಭಾವ" ಎಂದೆ. "ಸುಮ್ನೆ ನಡಿ" ಎಂದರು. ನಡೆದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನಗೆ ನನ್ನ ಕಾಲೇ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಕಿವಿಯಿಂದ ನಡೆದೆ. ಹಿಂದೆ ಭಾವನ ಉಸಿರು ಸೀಟಿಯಂತೆ ಕೇಳುತ್ತಿತ್ತು. ಅದು ಸಣ್ಣದಾಗುತ್ತಾ ಮೇಲಕ್ಕೇರಿದರೆ ನಾನು "ಮಂಡಿ" ಎಂದು ಕೂರುತ್ತಿದ್ದೆ. ಅದು ತಗ್ಗಿದ ಮೇಲೆ ಏಳುತ್ತಿದ್ದೆ. ಸಾಲಿನ ತುದಿಯಿಂದ ಯಾರೋ, "ಇಂಗೆ ಓದ್ರೆ ಮುಂದಿನ ಪೊಂಗಲ್ಗೆ ಸೇರ್ತೀವಿ" ಎಂದರು. ಭಾವ ಹಿಂತಿರುಗಿ ಅವರನ್ನು ಗದರಿದರು. ಆ ಗದರಿಕೆಗೆ ಖರ್ಚಾದ ಉಸಿರು ಮತ್ತೆ ಬರಲು ನಾನು ಇನ್ನೊಮ್ಮೆ ಮಂಡಿ ಹಿಡಿದು ಕೂರಬೇಕಾಯಿತು. ಎದ್ದಾಗ ಭಾವ ನನ್ನ ಬೆನ್ನು ತಟ್ಟಿ, "ಮೆಲ್ಲಗೆ ಓಗ್ಲಾ. ಬೆಟ್ಟ ಎಲ್ಲೂ ಓಗಲ್ಲ" ಎಂದರು.

ಹೇಗೋ ಮೇಲೆ ಸೇರಿದೆವು. ಭಾವ ತಾವೇ ನೇಯ್ದ ಬಟ್ಟೆಯನ್ನು ಸ್ವಾಮಿಗೆ ಹೊದಿಸಿ, ಎಲ್ಲರಿಗೂ ಕೇಳುವಂತೆ, "ಇವನ್ನ ಬುಟ್ಬುಡು ಸಾಮಿ, ಇವ್ನಿಗೆ ಇನ್ನೂ ವಯಸ್ಸೈತೆ" ಎಂದು ನನಗಾಗಿ ಬೇಡಿಕೊಂಡರು. ನಾನು ಅತ್ತುಬಿಟ್ಟೆ. ಎಲ್ಲರೂ ಅದನ್ನು ಸಾವಿನ ಭಯ ಎಂದುಕೊಂಡರು. ನನ್ನನ್ನು ಅಷ್ಟು ಪ್ರೀತಿಸುವ ಮನುಷ್ಯನಿಗೆ ಒಂದು ಮಾತು ನಿಜ ಹೇಳಲಾಗದೆ ಅತ್ತೆ ಎಂದು ಯಾರಿಗೆ ಹೇಳುವುದು? ಇಳಿಯುವಾಗ ಮಾತ್ರ ಜೀಪು ಹಿಡಿದೆವು. ನನ್ನ ಸಲುವಾಗಿ, ಭಾವನೇ ಹಟ ಮಾಡಿದ್ದು.

ಪೊಂಗಲಿನ ಕಬ್ಬಿನ ಸಿಪ್ಪೆ ಇನ್ನೂ ಬೀದಿಯಲ್ಲಿ ಬಿದ್ದಿರುವಾಗಲೇ ಭಾವ ಹೋಗಿಬಿಟ್ಟರು. ಸಾವಿಗೆ ಬಂದ ಜನ ಹೆಣವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನನ್ನ ಮನೆಗೆ ಬರಬೇಕಾದ ಯಮನ ಆಳಿಗೆ ನಾನೇ ಪಕ್ಕದ ಮನೆ ತೋರಿಸಿ ಕಳಿಸಿದೆನೋ ಎಂಬಂತಿತ್ತು ಆ ನೋಟ. ಹೆಂಡತಿಗೆ ನಿಜ ಹೇಳಿದೆ. ಅವಳು ರಿಮೋಟನ್ನು ವಾಪಸು ತೆಗೆದುಕೊಂಡು, ಒಳಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ಅಕ್ಕನನ್ನು ಕೇಳಿದೆ, "ಭಾವಂಗೆ ಕೊನೇಗಾನ ಗೊತ್ತಾಯ್ತಾ?" ಅಕ್ಕ ತಲೆಯಾಡಿಸಿದಳು. "ಇಲ್ಲ ಕಣ್ಲಾ. ಓಗೋಕ್ಕೆ ಇಂದ್ಲ ದಿನಾನೂ ನಿನ್ನೇ ಕೇಳ್ತಿದ್ರು. ಮಚ್ಚಾನ್ ಕೆಮ್ಮು ಎಂಗೈತೆ ಅಂತ." ಅಳುವಿನ ನಡುವೆಯೂ ನನಗೆ ನನ್ನ ನಟನೆಯ ಮೇಲೆ ಒಂದಿಷ್ಟು ಹೆಮ್ಮೆ ಬಂತೆಂದು ನಾಚಿಕೆಯಿಲ್ಲದೆ ಹೇಳುತ್ತೇನೆ.

ವಿಚಿತ್ರವೆಂದರೆ, ಅಭ್ಯಾಸ ಮಾಡಿಕೊಂಡ ಕೆಮ್ಮು ಆಮೇಲೂ ಬಿಡಲಿಲ್ಲ. "ಇನ್ನೂ ಯಾರ್ಗೆ ನಾಟ್ಕ ಆಡ್ತಿದೀರಿ?" ಎಂದು ಹೆಂಡತಿ ಬೈದಳು. ಐಪ್ಪಸಿ ತಿಂಗಳ ಮಳೆಗೆ ಅದು ಹೆಚ್ಚಾದಾಗ ಅಕ್ಕನೇ ಎಳೆದುಕೊಂಡು ಹೋಗಿ ಅದೇ ಡಾಕ್ಟರಿಗೆ ತೋರಿಸಿದಳು. ಎದೆಯ ಫೋಟೋ ತೆಗೆದರು. ನಾನು ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಅಕ್ಕ ವೆರಾಂಡಾದಲ್ಲಿ ಡಾಕ್ಟರ ಹತ್ತಿರ ಏನೋ ಮಾತಾಡಿ ಬಂದಳು. "ಸಳಿ ಕಣ್ಲಾ. ಬಿಸ್ನೀರು ಕುಡಿ" ಎಂದಳು. ಸದ್ಯ, ಬರೀ ಸಳಿ ಎಂದು ನಿರಾಳವಾಗಿ, ದಾರಿಯಲ್ಲಿ ಇಬ್ಬರೂ ಬಜ್ಜಿ ತಿಂದೆವು. ಅಕ್ಕ ತನ್ನ ಪಾಲಿನದನ್ನೂ ನನಗೇ ಕೊಟ್ಟಳು.

ಈ ವರ್ಷದ ಭಾನುವಾರವೂ ಬಂತು. ಈ ಸಲ ಸಾಲಿನ ಕಟ್ಟಕಡೆಯಲ್ಲಿ ನಿಲ್ಲಬೇಕೆಂದು ನಿರ್ಧರಿಸಿ, ಮೀಸೆಗೆ ಒಂದಿಷ್ಟು ಬಣ್ಣವನ್ನೂ ಹಚ್ಚಿಕೊಂಡು ಹೋಗಿದ್ದೆ. ಬಸ್ಸಿನಲ್ಲಿ ನೋಡಿದರೆ ಭಾವನ ಮಗ ಕಾರ್ತಿ. ಮೊಬೈಲ್ ಅಂಗಡಿ ಇಟ್ಟವನು, ದಿನವೂ ಜಿಮ್ಮಿಗೆ ಹೋಗಿ ತೋಳು ಬೆಳೆಸಿದವನು, ಅಪ್ಪ ಇದ್ದಾಗ ಒಮ್ಮೆಯೂ ಬೆಟ್ಟಕ್ಕೆ ಬಾರದವನು. ಅಪ್ಪನ ನೆನಪಿಗೆ ಬಂದಿರಬೇಕು ಎಂದುಕೊಂಡು ಸಂತೋಷಪಟ್ಟೆ. ಹುಣಸೆಮರದ ಕೆಳಗೆ ಯಜಮಾನರು ಎಂದಿನಂತೆ ಕೇಳಿದರು. ನಾನು ಮರದ ತುದಿ ನೋಡುತ್ತಿದ್ದೆ. ಕಣ್ಣು ಕೆಳಗಿಳಿಸಿದಾಗ ಎಲ್ಲರೂ ನನ್ನನ್ನೇ ನೋಡಲು ಶುರುಮಾಡಿದ್ದರು. ಆಗ ಪಕ್ಕದಲ್ಲಿ ಕಾರ್ತಿ ಸೊಂಟ ಹಿಡಿದು, ಎರಡು ಸಲ ಕೆಮ್ಮಿ, "ಮುಡಿಯಲೆ ಮಾಮಾ, ಆಗ್ತಿಲ್ಲ, ನಂಗೆ ಉಸ್ರೇ ಬರ್ತಿಲ್ಲ. ನಾನ್ ಮುಂದೆ ಓಗ್ತೀನಿ, ನೀವು ನನ್ನ ಇಂದೇನೇ ಬನ್ನಿ" ಎಂದ.

ಅಂಥ ಕೆಟ್ಟ ಕೆಮ್ಮನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಎದೆಯಿಂದ ಬರಬೇಕಾದದ್ದು ಮೂಗಿನಿಂದ ಬರುತ್ತಿತ್ತು, ಹಸುಗೂಸೂ ನಂಬುವಂತಿರಲಿಲ್ಲ. ನನಗೆ ಮೊದಲು ನಗು ಬಂತು. ಆಮೇಲೆ ಆಸ್ಪತ್ರೆಯ ವೆರಾಂಡಾ ನೆನಪಾಯಿತು, ಅಕ್ಕ ಕೊಟ್ಟ ಬಜ್ಜಿ ನೆನಪಾಯಿತು, ನನ್ನ ಹೆಗಲಿನಿಂದ ಚೀಲ ಕಿತ್ತುಕೊಂಡ ಭಾವನ ಕೈ ನೆನಪಾಯಿತು. ನನ್ನ ಕೆಮ್ಮೂ ಭಾವನಿಗೆ ಹೀಗೆಯೇ ಕೇಳಿಸಿರಬೇಕು. ಮನೆತನದ ಬುದ್ಧಿವಂತನಾದ ನಾನು ಮೀಸೆಗೆ ಬಣ್ಣ ಹಚ್ಚಿಕೊಂಡು ಅಲ್ಲಿ ನಿಂತಿದ್ದೆ. ಹುಡುಗನ ಮುಖದಲ್ಲಿ ಬೆವರು ಒಡೆದಿತ್ತು. ಅಷ್ಟು ಚಳಿಯಲ್ಲಿ, ನಾನು ನಂಬುತ್ತೇನೋ ಇಲ್ಲವೋ ಎಂಬ ಹೆದರಿಕೆಗೆ. ನನಗೆ ಎಲ್ಲ ತಿಳಿಯಿತೆಂದು ಇನ್ನು ಅವನಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಅವನ ಹೆಗಲಿನ ಬ್ಯಾಗು ತೆಗೆದು ನನ್ನ ಹೆಗಲಿಗೆ ಹಾಕಿಕೊಂಡೆ. ಅದು ತುಂಬ ಭಾರವಿತ್ತು.

"ಮೆಲ್ಲಗೆ ಓಗ್ಲಾ," ಎಂದೆ. "ಬೆಟ್ಟ ಎಲ್ಲೂ ಓಗಲ್ಲ."